ಡಿಸ್ಕ್ ಗಾಲ್ಫ್ ಸ್ಪಾನ್ಸರ್‌ಶಿಪ್ ಒಪ್ಪಂದ: ಸಹಿ ಹಾಕುವ ಮೊದಲು ಕೊನೆಯ ಪುಟದಿಂದ ಓದಿ

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿ ತೂಗಿದ ಬುಟ್ಟಿಗೆ ಹಾಕುವ ಆಟ. ಅದರ ಹೆಸರಾಂತ ಆಟಗಾರ ಪಾಲ್ ಮೆಕ್‌ಬೆತ್ 2021ರಲ್ಲಿ ಡಿಸ್ಕ್ ತಯಾರಿಸುವ ಡಿಸ್ಕ್‌ಕ್ರಾಫ್ಟ್ ಕಂಪನಿಯ ಜೊತೆ ಹತ್ತು ವರ್ಷಕ್ಕೆ 1 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡ ಸುದ್ದಿ ಬಂದ ಮೇಲೆ ಡಿಸ್ಕ್ ಗಾಲ್ಫ್ ಆಡುವ ಹುಡುಗ ಹುಡುಗಿಯರ ಮನೆಗಳಲ್ಲಿ ಮಾತಿನ ಧಾಟಿಯೇ ಬದಲಾಯಿತು. ಮರುವರ್ಷ ಇನ್ನೊಬ್ಬ ಆಟಗಾರ ರಿಕಿ ವೈಸಾಕಿ ಡೈನಮಿಕ್ ಡಿಸ್ಕ್ಸ್ ಕಂಪನಿಯ ಜೊತೆ ವರ್ಷಕ್ಕೆ 10 ಲಕ್ಷ ಡಾಲರ್‌ನಂತೆ ನಾಲ್ಕು ವರ್ಷಕ್ಕೆ ಸಹಿ ಹಾಕಿದರು. 2023ರ ಆರಂಭದಲ್ಲಿ ಸೈಮನ್ ಲಿಝಾಟ್ ಎಂವಿಪಿ ಎಂಬ ಕಂಪನಿಗೆ ಹೋದದ್ದೂ ದೀರ್ಘಾವಧಿಯ ದೊಡ್ಡ ಒಪ್ಪಂದದ ಮೇಲೆಯೇ. ‘ಇದರಲ್ಲೂ ಬದುಕು ಕಟ್ಟಿಕೊಳ್ಳಬಹುದು’ ಎಂದು ಅಪ್ಪ ಅಮ್ಮಂದಿರು ಮೊದಲ ಬಾರಿಗೆ ನಂಬಿದರು.

ಆದರೆ ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಆಟಗಾರರ ಕೈಗೆ ಬರುವ ಮೊದಲ ಒಪ್ಪಂದ ಆ ಥರದ್ದಲ್ಲ. ನಾಲ್ಕೈದು ಪುಟ, ಒಂದು ವರ್ಷದ ಅವಧಿ, ಒಂದಷ್ಟು ಡಿಸ್ಕ್, ಎರಡು ಜೆರ್ಸಿ, ತನ್ನ ಹೆಸರಿನ ಡಿಸ್ಕ್ ಮಾರಾಟವಾದರೆ ಸ್ವಲ್ಪ ಪಾಲು. ಸಂತೋಷದಲ್ಲಿ ಮೊದಲ ಪುಟ ಓದಿ ಕೊನೆಯ ಪುಟಕ್ಕೆ ಸಹಿ ಹಾಕಿಬಿಡುತ್ತಾರೆ. ಅಂಥ ಹಲವು ಕಾಗದಗಳನ್ನು ಮಕ್ಕಳ ಜೊತೆ ಕೂತು ಸಾಲು ಸಾಲಾಗಿ ಓದಿದವನಾಗಿ ಹೇಳುತ್ತೇನೆ: ನಿಮ್ಮ ಆಟಕ್ಕೆ ಏಟು ಕೊಡುವ ಷರತ್ತುಗಳು ಇರುವುದು ಹಣದ ಸಾಲಿನಲ್ಲಲ್ಲ. ಹೊರಬರುವ ದಾರಿ, ನಿಮ್ಮ ಚೀಲದೊಳಗಿನ ಡಿಸ್ಕ್‌ಗಳು, ನಿಮ್ಮ ಹೆಸರು, ಈ ಮೂರರ ಸುತ್ತ ಇರುವ ಸಾಲುಗಳನ್ನು ಹುಡುಕಿ.

1. ಇದು ಯಾವ ಬಗೆಯ ಒಪ್ಪಂದ ಎಂದು ಮೊದಲು ಗುರುತಿಸಿ

‘ಸ್ಪಾನ್ಸರ್ ಸಿಕ್ಕಿದ್ದಾರೆ’ ಎಂಬ ಒಂದೇ ಮಾತಿನಡಿ ನಾಲ್ಕು ಬೇರೆ ಬೇರೆ ವ್ಯವಹಾರಗಳಿವೆ. ತೀರಾ ಕೆಳಗಿನದು ರಿಯಾಯಿತಿ: ಕಂಪನಿಯ ಡಿಸ್ಕ್‌ಗಳನ್ನು ನೀವೇ ಕಡಿಮೆ ಬೆಲೆಗೆ ಕೊಂಡು, ಅವರ ಪರವಾಗಿ ಪ್ರಚಾರ ಮಾಡುತ್ತೀರಿ. ಅದರ ಮೇಲಿನದು ಸಾಮಗ್ರಿ: ವರ್ಷಕ್ಕೆ ಇಂತಿಷ್ಟು ಡಿಸ್ಕ್, ಬಟ್ಟೆ ಉಚಿತ. ಮೂರನೆಯದರಲ್ಲಿ ಟೂರ್ನಿಯ ಪ್ರವೇಶ ಶುಲ್ಕ, ಪ್ರಯಾಣದ ಭತ್ಯೆ, ನಿಮ್ಮ ಹೆಸರಿನ ಟೂರ್ ಸೀರೀಸ್ ಡಿಸ್ಕ್‌ನ ರಾಯಲ್ಟಿ, ಗೆದ್ದರೆ ಬೋನಸ್ ಸೇರುತ್ತವೆ. ನಾಲ್ಕನೆಯದು ತಿಂಗಳು ತಿಂಗಳು ಖಾತೆಗೆ ಬೀಳುವ ನಿಶ್ಚಿತ ಹಣ.

ಬಂದ ಪತ್ರದಲ್ಲಿರುವ ಪ್ರತಿಯೊಂದನ್ನೂ ಎರಡು ಪಟ್ಟಿ ಮಾಡಿ ಬರೆಯಿರಿ. ಒಂದು ಕಡೆ ನಗದು, ಇನ್ನೊಂದು ಕಡೆ ವಸ್ತು. ‘ಒಟ್ಟು ಮೌಲ್ಯ 6,000 ಡಾಲರ್’ ಎಂದು ಪತ್ರದಲ್ಲಿ ಬರೆದಿದ್ದು, ಅದರಲ್ಲಿ 5,000 ಡಿಸ್ಕ್, ಬಟ್ಟೆಗಳ ರೂಪದಲ್ಲಿದ್ದರೆ ಟೂರ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಒಂದು ಸಾವಿರ ಮಾತ್ರ. ಡಿಸ್ಕ್ ಕೊಟ್ಟು ಪೆಟ್ರೋಲ್ ಹಾಕಿಸಲಾಗದು, ರೂಮ್ ಬಾಡಿಗೆ ಕಟ್ಟಲಾಗದು. ಇನ್ನೂ ಒಂದು ವಿಷಯ: ಕೆಳಗಿನ ಎರಡು ಬಗೆಯ ಒಪ್ಪಂದದವರು ಮೇಲಿನ ಎರಡು ಬಗೆಯ ನಿರ್ಬಂಧಗಳನ್ನು ಹೊರಿಸಿದರೆ ಒಪ್ಪಬೇಡಿ. ಬರೀ ರಿಯಾಯಿತಿ ಕೊಟ್ಟು ‘ಬೇರೆ ಯಾರ ಡಿಸ್ಕನ್ನೂ ಮುಟ್ಟಬಾರದು’ ಎನ್ನುವುದು ನ್ಯಾಯವಲ್ಲ.

2. ನಿಮ್ಮ ಬೆಲೆ ನೀವು ತಿಳಿದುಕೊಳ್ಳಿ

ಪಿಡಿಜಿಎ (ಈ ಆಟದ ವೃತ್ತಿಪರ ಸಂಘ) ಆಟದ ಮಟ್ಟ ನೋಡಿ ಕೊಡುವ ರೇಟಿಂಗ್, ಕಳೆದ ಎರಡು ಸೀಸನ್‌ಗಳ ಫಲಿತಾಂಶ, ಮುಂದಿನ ವರ್ಷ ಯಾವ ಯಾವ ಟೂರ್ನಿ ಆಡುತ್ತೀರಿ, ನಿಮ್ಮ ವಿಡಿಯೊಗಳನ್ನು ಎಷ್ಟು ಜನ ನೋಡುತ್ತಾರೆ: ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಿ. 1000 ರೇಟಿಂಗ್ ದಾಟಿದ್ದೇ ದೊಡ್ಡದು ಎಂದು ಹಲವರು ತಿಳಿಯುತ್ತಾರೆ, ಆದರೆ ಅಷ್ಟು ರೇಟಿಂಗ್ ಇರುವವರು ಈಗ ಬೇಕಾದಷ್ಟು ಜನ ಇದ್ದಾರೆ. ಕಂಪನಿ ಕೊಳ್ಳುತ್ತಿರುವುದು ನಿಮ್ಮ ಸ್ಕೋರನ್ನಲ್ಲ, ನಿಮ್ಮನ್ನು ನೋಡಿ ಡಿಸ್ಕ್ ಕೊಳ್ಳುವ ಜನರನ್ನು. ಶನಿವಾರ ಮಧ್ಯಾಹ್ನ ಪುಟ್ಟ ಮಕ್ಕಳಿಗೆ ಪಟಿಂಗ್ (ಹತ್ತಿರದಿಂದ ಬುಟ್ಟಿಗೆ ಎಸೆಯುವುದು) ಹೇಳಿಕೊಡುವ ಆಟಗಾರ್ತಿ, ಎರಡು ಸ್ಟ್ರೋಕ್ ಚೆನ್ನಾಗಿ ಆಡಿ ಮಾತೇ ಆಡದ ಆಟಗಾರನಿಗಿಂತ ಹೆಚ್ಚು ಡಿಸ್ಕ್ ಮಾರಿಸಬಲ್ಲಳು. ಅದನ್ನು ಸಂಕೋಚವಿಲ್ಲದೆ ಬರೆಯಿರಿ.

3. ಹೊರಬರುವ ಬಾಗಿಲು ಎಲ್ಲಿದೆ ನೋಡಿ

ಇಲ್ಲಿಂದ ಕಾಗದವನ್ನು ತಿರುಗಿಸಿ, ಕೊನೆಯ ಪುಟದಿಂದ ಓದಲು ಶುರು ಮಾಡಿ. ಅವಧಿ, ನವೀಕರಣ, ರದ್ದತಿ, ಈ ಮೂರು ಷರತ್ತುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ.

ಈ ಆಟದ ಒಪ್ಪಂದಗಳು ಬಹುಮಟ್ಟಿಗೆ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ನಡೆಯುತ್ತವೆ. ಡಿಸೆಂಬರ್ 31ಕ್ಕೆ ಮುಗಿಯುತ್ತವೆ, ಜನವರಿಯಲ್ಲಿ ಹೊಸ ಜೆರ್ಸಿಯ ಫೋಟೊಗಳು ಬರುತ್ತವೆ. ತೊಡಕು ಶುರುವಾಗುವುದು ‘ತಾನಾಗಿಯೇ ಮುಂದುವರಿಯುತ್ತದೆ’ ಎಂಬ ಸಾಲಿನಿಂದ. ನಾನು ಓದಿದ ಒಂದು ಒಪ್ಪಂದದ ಮೂರನೆಯ ಪುಟದ ಮಧ್ಯದಲ್ಲಿ, ಸಾಗಣೆ ವೆಚ್ಚದ ಬಗ್ಗೆ ಹೇಳುವ ಪ್ಯಾರಾದ ಕೆಳಗೆ, ಹೀಗಿತ್ತು: ಅವಧಿ ಮುಗಿಯುವ 90 ದಿನ ಮೊದಲು ಆಟಗಾರ ಲಿಖಿತವಾಗಿ ಬೇಡ ಎನ್ನದಿದ್ದರೆ ಇನ್ನೆರಡು ವರ್ಷ ಇದೇ ಷರತ್ತಿನ ಮೇಲೆ ಮುಂದುವರಿಯುತ್ತದೆ. ಎಣಿಸಿ ನೋಡಿದರೆ ಆ ಗಡುವು ಅಕ್ಟೋಬರ್ ಮೊದಲ ವಾರಕ್ಕೆ ಬೀಳುತ್ತಿತ್ತು. ಸೀಸನ್‌ನ ಕೊನೆಯ ದೊಡ್ಡ ಪಂದ್ಯಗಳ ಹೊತ್ತು ಅದು, ಆಟಗಾರ ಕಾಗದಪತ್ರ ನೋಡುವ ಸಮಯವೇ ಅಲ್ಲ. ನಾನು ಅದನ್ನು ಓದುವ ಹೊತ್ತಿಗೆ ನವೆಂಬರ್ ಬಂದಿತ್ತು. ಆ ಹುಡುಗ ಹತ್ತೊಂಬತ್ತರ ವಯಸ್ಸಿನ ಬೆಲೆಗೆ ಇಪ್ಪತ್ತೊಂದರವರೆಗೂ ಆಡಬೇಕಾಯಿತು. ಆ ನಡುವೆ ಅವನ ಆಟ ಎರಡು ಮೆಟ್ಟಿಲು ಏರಿತ್ತು.

ಹಾಗಾಗಿ ತಾನಾಗಿ ಮುಂದುವರಿಯುವ ಷರತ್ತನ್ನು ತೆಗೆಸಿ. ತೆಗೆಯುವುದಿಲ್ಲ ಎಂದರೆ ಕನಿಷ್ಠ ನೋಟಿಸ್ ಅವಧಿಯನ್ನು 30 ದಿನಕ್ಕೆ ಇಳಿಸಿ, ಮುಂದುವರಿಕೆ ಒಂದೇ ವರ್ಷ ಇರಲಿ, ಆ ವರ್ಷಕ್ಕೆ ಮೊತ್ತ ಇಷ್ಟು ಏರಬೇಕು ಎಂದು ಬರೆಸಿ.

ಮುಂದಿನದು ಸರಿಗಟ್ಟುವ ಹಕ್ಕು. ಬೇರೆ ಕಂಪನಿ ನಿಮಗೆ ಏನು ಕೊಡುತ್ತದೋ ಅದನ್ನು ಮೊದಲು ಇವರಿಗೆ ತೋರಿಸಬೇಕು, ಇವರೂ ಅಷ್ಟೇ ಕೊಟ್ಟರೆ ನೀವು ಇಲ್ಲೇ ಉಳಿಯಬೇಕು ಎಂಬುದು ಅದರ ಸಾರ. ಕೇಳಲು ತಪ್ಪೇನೂ ಅನಿಸುವುದಿಲ್ಲ. ಆದರೆ ಹಣ ಸಮ ಆದ ಮಾತ್ರಕ್ಕೆ ಒಪ್ಪಂದ ಸಮ ಆಗುವುದಿಲ್ಲ. ಅಲ್ಲಿಯ ಪಟರ್, ಅಂದರೆ ಪಟಿಂಗ್‌ಗೆ ಬಳಸುವ ಡಿಸ್ಕ್, ನಿಮ್ಮ ಕೈಗೆ ಒಗ್ಗಿರಬಹುದು, ಅಲ್ಲಿ ಸಹ ಆಟಗಾರರ ಜೊತೆ ವ್ಯಾನಿನಲ್ಲಿ ಪ್ರಯಾಣ ಹಂಚಿಕೊಳ್ಳುವ ಅನುಕೂಲ ಇರಬಹುದು. ಇದನ್ನು ಒಪ್ಪಲೇಬೇಕಾದರೆ ಉತ್ತರ ಕೊಡಲು ಅವರಿಗೆ ಹತ್ತು ದಿನಕ್ಕಿಂತ ಹೆಚ್ಚು ಸಮಯ ಕೊಡಬೇಡಿ. ಅವಧಿ ಮುಗಿದ ಮೇಲೂ ಆ ಹಕ್ಕು ಬಾಲದಂತೆ ಹಿಂದೆ ಬರದ ಹಾಗೆ ನೋಡಿಕೊಳ್ಳಿ.

ರದ್ದತಿಯ ಷರತ್ತು ಎರಡೂ ಕಡೆಗೆ ಒಂದೇ ಆಗಿರಬೇಕು. ಅವರು ಯಾವಾಗ ಬೇಕಾದರೂ 30 ದಿನದ ನೋಟಿಸಿನಲ್ಲಿ ಬಿಡಬಹುದು, ನೀವು ಬಿಡುವ ಹಾಗಿಲ್ಲ ಎಂದಿದ್ದರೆ ಅದು ನಿಮಗೆ ಭದ್ರತೆ ಕೊಡುವ ಒಪ್ಪಂದವಲ್ಲ. ಹಣ ತಡವಾದರೆ ಏನು ಎಂಬುದನ್ನೂ ಬರೆಸಿ: ಲಿಖಿತವಾಗಿ ತಿಳಿಸಿದ ಮೇಲೂ 30 ದಿನದೊಳಗೆ ಬಾಕಿ ಬರದಿದ್ದರೆ ಆಟಗಾರ ಒಪ್ಪಂದದಿಂದ ಹೊರಬರಬಹುದು. 2023–24ರ ಬಿಡುವಿನ ತಿಂಗಳುಗಳಲ್ಲಿ ಅಗ್ರಪಂಕ್ತಿಯ ಒಬ್ಬ ಯುವ ಆಟಗಾರನಿಗೂ ಅವನ ಕಂಪನಿಗೂ ನಡುವೆ ಒಪ್ಪಂದ ಮುರಿದ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ತಪ್ಪು ಯಾರದೇ ಇರಲಿ, ಹೊಸ ಸೀಸನ್‌ಗೆ ಅಭ್ಯಾಸ ಮಾಡಬೇಕಾದ ತಿಂಗಳುಗಳನ್ನು ವಕೀಲರ ಜೊತೆ ಕಳೆಯುವುದು ಯಾವ ಆಟಗಾರನಿಗೂ ಬೇಡ.

4. ನಿಮ್ಮ ಚೀಲ ಬಿಚ್ಚಿ ನೆಲದ ಮೇಲೆ ಹರಡಿ

ಬೇರೆ ಆಟಗಳ ಪ್ರಾಯೋಜಕತ್ವಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಡಿಸ್ಕ್ ಗಾಲ್ಫ್ ಆಟಗಾರರ ಚೀಲದಲ್ಲಿ ಇಪ್ಪತ್ತು ಚಿಲ್ಲರೆ ಡಿಸ್ಕ್ ಇರುತ್ತವೆ, ಒಂದೊಂದರ ಹಾರಾಟವೂ ಬೇರೆ. ಒಂದು ಗಾಳಿಗೆ ಎದುರಾಗಿ ನೇರ ಹೋಗುತ್ತದೆ, ಇನ್ನೊಂದು ಕೊನೆಯಲ್ಲಿ ಎಡಕ್ಕೆ ವಾಲುತ್ತದೆ. ಕಂಪನಿ ಬದಲಾಯಿಸಿದರೆ ಇವಿಷ್ಟೂ ಡಿಸೆಂಬರ್ 31ರ ರಾತ್ರಿಯಿಂದ ಜನವರಿ 1ರ ಬೆಳಗಿನೊಳಗೆ ಬದಲಾಗಬೇಕು. ವರ್ಷಗಟ್ಟಲೆ ಒಂದೇ ಪಟರ್ ಹಿಡಿದು, ಅಂಚು ಸವೆದು, ಹೆಬ್ಬೆರಳಿಗೆ ತಾನಾಗಿಯೇ ಜಾಗ ಮಾಡಿಕೊಂಡ ಡಿಸ್ಕನ್ನು ಮನೆಯಲ್ಲಿಟ್ಟು ಹೋಗುವುದು ಎಂದರೆ ಏನು ಎಂದು ಆಡಿದವರಿಗಷ್ಟೇ ಗೊತ್ತು. ಅಷ್ಟೇ ಅಗಲದ, ಅಷ್ಟೇ ತೂಕದ ಹೊಸ ಪಟರ್ ಆದರೂ ಅಂಚಿನ ಕೆಳಗೆ ಒಂದು ಸಣ್ಣ ಉಬ್ಬು ಇದ್ದರೆ ಸಾಕು, ಕೈಯಿಂದ ಬಿಡುವ ಗಳಿಗೆ ಬೇರೆಯಾಗುತ್ತದೆ. ಇಪ್ಪತ್ತೈದು ಅಡಿಯಿಂದ ಕಣ್ಣುಮುಚ್ಚಿ ಹಾಕುತ್ತಿದ್ದ ಪಟ್ ಸರಪಳಿಗೆ ತಾಗಿ ಹೊರಗೆ ಬೀಳುತ್ತದೆ.

ಆದ್ದರಿಂದ ಸಹಿ ಹಾಕುವ ಮೊದಲು ಚೀಲವನ್ನು ನಿಜವಾಗಿಯೂ ಬಿಚ್ಚಿ, ಡಿಸ್ಕ್‌ಗಳನ್ನು ಸಾಲಾಗಿ ಇಡಿ. ಪ್ರತಿಯೊಂದರ ಮುಂದೆ ಹೊಸ ಕಂಪನಿಯ ಯಾವ ಮೋಲ್ಡ್ (ಡಿಸ್ಕ್‌ನ ಮಾದರಿ) ಬರುತ್ತದೆ ಎಂದು ಬರೆಯಿರಿ. ಡಿಸ್ಕ್ ಮೇಲೆ ಅಚ್ಚಾಗಿರುವ ವೇಗ, ತೇಲು, ತಿರುವು, ವಾಲುವಿಕೆಯ ನಾಲ್ಕು ಅಂಕಿಗಳನ್ನು ನಂಬಿ ಬರೆಯಬೇಡಿ. ಡಿಸ್ಕ್ ತರಿಸಿಕೊಂಡು, ಎರಡು ವಾರವಾದರೂ ಎಸೆದು ನೋಡಿ ಬರೆಯಿರಿ. ಎರಡೋ ಮೂರೋ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಗಳೇ ನಿಮ್ಮ ಮಾತುಕತೆಯ ವಿಷಯ.

ಅವುಗಳಿಗಾಗಿ ಒಂದು ವಿನಾಯಿತಿ ಕೇಳಿ. ನಾನು ಸೂಚಿಸುವ ಮಾತು ಹೀಗಿರುತ್ತದೆ: ‘ಆಟಗಾರನಿಗೆ ಬೇಕಾದ ಹಾರಾಟದ ಡಿಸ್ಕ್ ಕಂಪನಿಯ ಉತ್ಪನ್ನಗಳಲ್ಲಿ ಇಲ್ಲದಿದ್ದರೆ, ಅಥವಾ ಕೇಳಿದ 21 ದಿನದೊಳಗೆ ಪೂರೈಸಲಾಗದಿದ್ದರೆ, ಬೇರೆ ಕಂಪನಿಯ ಗರಿಷ್ಠ ಮೂರು ಡಿಸ್ಕ್‌ಗಳನ್ನು ಬಳಸಬಹುದು, ಅವುಗಳ ಹೆಸರನ್ನು ಪ್ರಚಾರದಲ್ಲಿ ಬಳಸುವಂತಿಲ್ಲ.’ ಮೊದಲ ಸಲ ಕೇಳಿದಾಗ ಬೇಡ ಎನ್ನುತ್ತಾರೆ. ಪಟರ್‌ಗಾದರೂ ಆರು ತಿಂಗಳ ಬದಲಾವಣೆಯ ಸಮಯ ಕೊಡಿ ಎಂದು ಮತ್ತೆ ಕೇಳಿ. ಮೊದಲ ಸೀಸನ್‌ನಲ್ಲೇ ಅವರ ಆಟಗಾರ ಪಟ್ ತಪ್ಪಿಸುವುದು ಅವರಿಗೂ ನಷ್ಟವೇ.

ಪೂರೈಕೆಯನ್ನೂ ವಿವರವಾಗಿ ಬರೆಸಿ. ‘ವರ್ಷಕ್ಕೆ 60 ಡಿಸ್ಕ್’ ಎಂದರೆ ಸಾಲದು. ಯಾವ ಮೋಲ್ಡ್, ಯಾವ ಪ್ಲಾಸ್ಟಿಕ್, ಎಷ್ಟು ತೂಕ ಎಂಬುದನ್ನು ಆರಿಸುವವರು ನೀವಾಗಿರಬೇಕು. ಪಿಡಿಜಿಎ ನಿಯಮದಂತೆ ಡಿಸ್ಕ್‌ನ ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು. ಹಾಗಾಗಿ ಹೆಚ್ಚಿನ ಡ್ರೈವರ್ (ದೂರ ಎಸೆಯುವ ಡಿಸ್ಕ್), ಪಟರ್‌ಗಳು 175 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಆ ತೂಕವೇ ಬೇಕಾದ ಆಟಗಾರರಿಗೆ ಗೋದಾಮಿನಲ್ಲಿ ಉಳಿದ 168 ಗ್ರಾಮಿನವನ್ನು ಕಳಿಸಿದರೆ ಪ್ರಯೋಜನವಿಲ್ಲ. ಒಂದೇ ಮೋಲ್ಡ್ ಆದರೂ ಒಂದು ಬಾರಿಯ ತಯಾರಿಕೆಗೂ ಮುಂದಿನ ಬಾರಿಗೂ ಹಾರಾಟದಲ್ಲಿ ವ್ಯತ್ಯಾಸ ಬರುತ್ತದೆ. ನಿಮಗೆ ಒಗ್ಗಿದ ತಯಾರಿಕೆಯ ಡಿಸ್ಕ್‌ಗಳನ್ನು ಮೊದಲೇ ತೆಗೆದಿಡಿಸಿ.

ಚೀಲ, ಶೂ, ಬಟ್ಟೆ, ಕೈಗಡಿಯಾರ, ತಿನಿಸು, ಪಾನೀಯದ ಪ್ರಾಯೋಜಕರನ್ನು ನೀವೇ ಹುಡುಕಿಕೊಳ್ಳುವ ಸ್ವಾತಂತ್ರ್ಯ ಬೇರೆಯಾಗಿ ಬರೆದಿರಲಿ. ‘ಡಿಸ್ಕ್ ಗಾಲ್ಫ್ ಸಂಬಂಧಿತ ಎಲ್ಲ ಉತ್ಪನ್ನ’ ಎಂಬ ಅಗಲವಾದ ಮಾತು ಕಂಡರೆ ‘ಡಿಸ್ಕ್ ಮಾತ್ರ’ ಎಂದು ಕಿರಿದು ಮಾಡಿಸಿ. ಜೆರ್ಸಿಯ ಮೇಲೆ ಯಾರ ಲೋಗೊ ಎಲ್ಲಿ ಎಂಬ ಒಂದು ಚಿತ್ರವನ್ನೇ ಒಪ್ಪಂದಕ್ಕೆ ಲಗತ್ತಿಸಿದರೆ ಮುಂದೆ ಜಗಳವಿಲ್ಲ.

5. ರಾಯಲ್ಟಿಯ ಪ್ರತಿ ಪದಕ್ಕೂ ಅರ್ಥ ಕೇಳಿ

2021ರ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್ ನೆನಪಿದೆಯೇ? ಯೂಟಾದ ಆಗ್ಡೆನ್‌ನಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಎಸೆದ ಡಿಸ್ಕ್ ಸೀದಾ ಬುಟ್ಟಿಗೆ ಬಿತ್ತು, ಪಂದ್ಯ ಸಮನಾಗಿ ಪ್ಲೇಆಫ್‌ಗೆ ಹೋಯಿತು, ಮೆಕ್‌ಬೆತ್ ಎದುರು ಅವರು ವಿಶ್ವ ಚಾಂಪಿಯನ್ ಆದರು. ಅವರ ಕೈಯಲ್ಲಿದ್ದದ್ದು ಎನ್ವಿ ಎಂಬ ಪಟರ್. ಆ ವರ್ಷವಷ್ಟೇ ಅವರು ಎಂವಿಪಿ ಸೇರಿದ್ದರು. ಒಂದು ಎಸೆತ ಲಕ್ಷಾಂತರ ಜನರ ಕಣ್ಣಿಗೆ ಒಂದು ಮೋಲ್ಡನ್ನು ಅಂಟಿಸಿಬಿಡುತ್ತದೆ. ಅವರ ಒಪ್ಪಂದದಲ್ಲಿ ಏನಿತ್ತು ಎಂಬುದು ಇಲ್ಲಿಯ ವಿಷಯವಲ್ಲ. ನಿಮ್ಮ ಬದುಕಿನಲ್ಲಿ ಅಂಥ ಗಳಿಗೆ ಬಂದರೆ ನಿಮ್ಮ ಕಾಗದದಲ್ಲಿ ಏನಿರಬೇಕು ಎಂದು ಯೋಚಿಸಿ. ರಾಯಲ್ಟಿ ಬರೀ ನಿಮ್ಮ ಹೆಸರಿನ ಟೂರ್ ಸೀರೀಸ್ ಡಿಸ್ಕ್‌ಗೋ, ನಿಮ್ಮ ಗೆಲುವಿನ ನೆನಪಿಗಾಗಿ ತರುವ ವಿಶೇಷ ಸ್ಟ್ಯಾಂಪಿನ, ಅಂದರೆ ಮೇಲೆ ಮುದ್ರಿಸಿದ ಚಿತ್ರದ, ಡಿಸ್ಕ್‌ಗೂ ಸೇರಿದೆಯೋ? ಎರಡನೆಯದನ್ನು ಬಾಯಿಬಿಟ್ಟು ಕೇಳಿ ಬರೆಸದಿದ್ದರೆ ಅದು ತಾನಾಗಿ ಸೇರುವುದಿಲ್ಲ.

ಈಗ ಲೆಕ್ಕ. ‘ಡಿಸ್ಕ್ ಒಂದಕ್ಕೆ 2 ಡಾಲರ್’ ಎಂದಿದ್ದು 1,500 ಡಿಸ್ಕ್ ಮಾರಾಟವಾದರೆ 3,000 ಡಾಲರ್, ಯಾರು ಬೇಕಾದರೂ ಎಣಿಸಬಹುದು. ‘ನಿವ್ವಳ ಆದಾಯದ ಶೇ. 15’ ಎಂದಿದ್ದರೆ ನಿವ್ವಳ ಎಂದರೇನು ಎಂದು ಕೇಳಲೇಬೇಕು. ತಯಾರಿಕೆ, ಸ್ಟ್ಯಾಂಪ್, ಸಾಗಣೆ, ಜಾಹೀರಾತು, ಮರಳಿ ಬಂದ ಮಾಲು, ಅಂಗಡಿಯವರ ರಿಯಾಯಿತಿ, ಎಲ್ಲವನ್ನೂ ಕಳೆದ ಮೇಲೆ ಆ ಶೇ. 15 ಯಾವುದರ ಮೇಲೆ ಬರುತ್ತದೆ? ಹೊಸಬರಿಗೆ ಡಿಸ್ಕ್ ಲೆಕ್ಕದ ನಿಶ್ಚಿತ ಮೊತ್ತವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಶೇಕಡಾವಾರಿನಲ್ಲಿ ದೊಡ್ಡದು ಸಿಗುವಂತೆ ಕಾಣಿಸಿದರೂ ಅಷ್ಟೇ.

ಇನ್ನು ನಾಲ್ಕು ಪ್ರಶ್ನೆಗಳಿವೆ. ಕನಿಷ್ಠ ಎಷ್ಟು ಡಿಸ್ಕ್ ತಯಾರಿಸುತ್ತಾರೆ, ಸೀಸನ್‌ನ ಯಾವ ತಿಂಗಳೊಳಗೆ ಮಾರುಕಟ್ಟೆಗೆ ಬಿಡುತ್ತಾರೆ? ಮಾರ್ಚ್‌ನಲ್ಲಿ ಬರಬೇಕಾದದ್ದು ಅಕ್ಟೋಬರ್‌ನಲ್ಲಿ ಬಂದರೆ ಟೂರ್ ಖರ್ಚಿಗೆ ಆಗುವುದಿಲ್ಲ. ರಾಯಲ್ಟಿ ಕೊಡುವುದು ಅಂಗಡಿಗಳಿಗೆ ಸಗಟಾಗಿ ಹೋದಾಗಲೋ, ಗ್ರಾಹಕರಿಗೆ ಮಾರಿದಾಗಲೋ? ಮೂರು ತಿಂಗಳಿಗೊಮ್ಮೆ ಮಾರಾಟದ ವಿವರ ಬರುತ್ತದೆಯೇ? ಲೆಕ್ಕ ಸರಿ ಕಾಣದಿದ್ದರೆ ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಿಗರು ಅವರ ಪುಸ್ತಕ ನೋಡಬಹುದೇ? ಕೊನೆಯ ಪ್ರಶ್ನೆಗೆ ಸಣ್ಣ ಕಂಪನಿಗಳು ಮುಖ ಸಿಂಡರಿಸುತ್ತವೆ. ಆದರೂ ವಿನಯದಿಂದ ಕೇಳಿ, ಅದು ಅನುಮಾನವಲ್ಲ, ವ್ಯವಹಾರ.

6. ಹೆಸರು, ಸಹಿ, ಮುಖ

ನಿಮ್ಮ ಹೆಸರು, ಫೋಟೊ, ಸಹಿಯನ್ನು ಬಳಸುವ ಅನುಮತಿ ಒಪ್ಪಂದದ ಅವಧಿಗಷ್ಟೇ ಇರಬೇಕು. ‘ಶಾಶ್ವತವಾಗಿ’ ಎಂಬ ಪದ ಕಂಡಲ್ಲೆಲ್ಲ ಗೆರೆ ಎಳೆಯಿರಿ. ಮುಗಿದ ಮೇಲೆ ಗೋದಾಮಿನಲ್ಲಿ ಉಳಿದ ನಿಮ್ಮ ಹೆಸರಿನ ಡಿಸ್ಕ್‌ಗಳನ್ನು ಮಾರಲು ಅವರಿಗೆ ಮೂರೋ ಆರೋ ತಿಂಗಳು ಕೊಡುವುದು ನ್ಯಾಯವೇ, ಆದರೆ ಆ ಮಾರಾಟಕ್ಕೂ ರಾಯಲ್ಟಿ ಬರಬೇಕು, ಆ ಅವಧಿಯಲ್ಲಿ ಹೊಸದಾಗಿ ಅಚ್ಚು ಹಾಕಬಾರದು. ಸ್ಟ್ಯಾಂಪಿನ ಚಿತ್ರವನ್ನು ನೀವೇ ಕಲಾವಿದರಿಂದ ಬರೆಸಿದ್ದರೆ, ಅಥವಾ ನಿಮ್ಮ ಅಡ್ಡಹೆಸರು ಅದರಲ್ಲಿದ್ದರೆ, ಅದು ನಿಮ್ಮದೇ ಎಂದು ಬರೆಸಿ. ಕಂಪನಿ ಬಿಟ್ಟ ಮೇಲೆ ನಿಮ್ಮ ಅಡ್ಡಹೆಸರನ್ನು ನೀವೇ ಬಳಸುವಂತಿಲ್ಲ ಎಂಬ ಸ್ಥಿತಿ ಬರಬಾರದು. ಕಂಪನಿಯೇ ಬೇರೆಯವರಿಗೆ ಮಾರಾಟವಾದರೆ ಒಪ್ಪಂದ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಹೊಸ ಮಾಲೀಕರಿಗೆ ಹೋಗಬಾರದು ಎಂಬುದನ್ನೂ ಸೇರಿಸಿ.

7. ಗಾಯ, ರದ್ದಾದ ಪಂದ್ಯ, ಬೋನಸ್

ಐದು ಬಾರಿಯ ವಿಶ್ವ ಚಾಂಪಿಯನ್ ಪೇಜ್ ಪಿಯರ್ಸ್ 2023ರಲ್ಲಿ ಕಣಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಆಟದಿಂದ ದೂರ ಉಳಿಯಬೇಕಾಯಿತು. ಭುಜ, ಮೊಣಕೈ, ಬೆನ್ನು, ಮಂಡಿ: ದಿನಕ್ಕೆ ನೂರಾರು ಬಾರಿ ಮೈ ತಿರುಚಿ ಎಸೆಯುವ ಆಟದಲ್ಲಿ ಇವು ಯಾರಿಗೂ ತಪ್ಪಿದ್ದಲ್ಲ. ‘ವರ್ಷಕ್ಕೆ ಕನಿಷ್ಠ 15 ಟೂರ್ನಿ ಆಡದಿದ್ದರೆ ಒಪ್ಪಂದ ರದ್ದು’ ಎಂದಿರುವಲ್ಲಿ ‘ವೈದ್ಯರ ಪತ್ರವಿದ್ದರೆ ಇದು ಅನ್ವಯಿಸದು’ ಎಂದು ಸೇರಿಸಿ. ಮೊದಲ 90 ದಿನ ಪೂರ್ತಿ ಭತ್ಯೆ, ಆಮೇಲೆ ಅರ್ಧ, ಹೀಗೆ ಕೇಳಬಹುದು. ಆಡಲಾಗದಿದ್ದರೂ ವಿಡಿಯೊ, ಶಿಬಿರಗಳನ್ನು ಮಾಡಿಕೊಡುತ್ತೇನೆ ಎಂದರೆ ಅವರೂ ಬಗ್ಗುತ್ತಾರೆ. ಗರ್ಭಧಾರಣೆಯ ಸಮಯಕ್ಕೂ ಇದೇ ರಕ್ಷಣೆ ಇರಲಿ ಎಂದು ಆಟಗಾರ್ತಿಯರು ಮೊದಲ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬೇಕಾಗುವ ಹೊತ್ತಿಗೆ ಕೇಳುವುದು ಕಷ್ಟ.

2020ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಲೇ ಇಲ್ಲ. ಅದರ ಮೇಲೆ ಬೋನಸ್ ನೆಚ್ಚಿಕೊಂಡವರಿಗೆ ಗೆಲ್ಲುವ ಅವಕಾಶವೇ ಇರಲಿಲ್ಲ. ಬೋನಸ್ ಪಟ್ಟಿಯಲ್ಲಿ ಟೂರ್ನಿಗಳ ಹೆಸರಿನ ಜೊತೆಗೆ ‘ಅಥವಾ ಸಮಾನ ದರ್ಜೆಯ ಬದಲಿ ಪಂದ್ಯ’ ಎಂದಿರಲಿ. ಗೆದ್ದರೆ ಮಾತ್ರ ಎನ್ನುವುದಕ್ಕಿಂತ ಮೊದಲ ಹತ್ತು, ಮೊದಲ ಇಪ್ಪತ್ತರ ಸ್ಥಾನಕ್ಕೂ ಸಣ್ಣ ಮೊತ್ತ ಕೇಳಿ. ಹೊಸಬರಿಗೆ ಕೈಗೆ ಬರುವುದು ಅದೇ.

8. ನೀವು ಮಾಡಿಕೊಡಬೇಕಾದ್ದು

ವಾರಕ್ಕೆ ಎಷ್ಟು ಪೋಸ್ಟ್, ವರ್ಷಕ್ಕೆ ಎಷ್ಟು ದಿನ ಚಿತ್ರೀಕರಣ, ಎಷ್ಟು ಶಿಬಿರ, ಇವೆಲ್ಲಕ್ಕೂ ಅಂಕಿ ಇರಲಿ. ‘ಕಂಪನಿ ಕೇಳಿದಾಗಲೆಲ್ಲ’ ಎಂಬುದನ್ನು ಒಪ್ಪಬೇಡಿ. ಶಿಬಿರಕ್ಕೆ ಹೋಗುವ ಖರ್ಚು ಅವರದ್ದು. ಅಮೆರಿಕದಲ್ಲಿ ಆಡುವವರು ಗಮನಿಸಿ: ಡಿಸ್ಕ್ ಹೊಗಳುವಾಗ ಆ ಕಂಪನಿಯ ಜೊತೆ ನಿಮಗೆ ಸಂಬಂಧ ಇದೆ ಎಂದು ನೋಡುಗರಿಗೆ ಸ್ಪಷ್ಟವಾಗಿ ಕಾಣುವಂತೆ ಹೇಳಬೇಕೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮವಿದೆ. ಹಣ ಇಲ್ಲದೆ ಬರೀ ಉಚಿತ ಡಿಸ್ಕ್ ಪಡೆದರೂ ಹೇಳಲೇಬೇಕು.

9. ವಯಸ್ಸು ಮತ್ತು ತೆರಿಗೆ

ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದವನ್ನು ಅವರು ಬೇಕೆಂದರೆ ರದ್ದುಪಡಿಸಬಹುದು ಎಂಬುದು ಅಮೆರಿಕದ ಹೆಚ್ಚಿನ ರಾಜ್ಯಗಳ ಸಾಮಾನ್ಯ ನಿಯಮ. ಅದಕ್ಕಾಗಿಯೇ ಕಂಪನಿಗಳು ಅಪ್ಪನದೋ ಅಮ್ಮನದೋ ಸಹಿ ಕೇಳುತ್ತವೆ. ಇಲ್ಲಿ ಹೆತ್ತವರು ಎಚ್ಚರ ವಹಿಸಬೇಕು: ಪೋಷಕರಾಗಿ ಒಪ್ಪಿಗೆ ಕೊಡುವುದು ಒಂದು, ಮಗ ಒಪ್ಪಂದ ಮುರಿದರೆ ನಷ್ಟ ನಾನು ತುಂಬುತ್ತೇನೆ ಎಂದು ಜಾಮೀನು ನಿಲ್ಲುವುದು ಇನ್ನೊಂದು. ಮೊದಲನೆಯದಕ್ಕಷ್ಟೇ ಸಹಿ ಹಾಕಿ.

ಅಮೆರಿಕದಲ್ಲಿ ಆಟಗಾರರನ್ನು ಕಂಪನಿಗಳು ಸಾಮಾನ್ಯವಾಗಿ ನೌಕರ ಎಂದು ಲೆಕ್ಕಿಸುವುದಿಲ್ಲ, ಸ್ವತಂತ್ರವಾಗಿ ದುಡಿಯುವವರು ಎಂದೇ ಬರೆಯುತ್ತವೆ. ಹಾಗಾಗಿ ತೆರಿಗೆ ಕಡಿತವಾಗದೆ ಪೂರ್ತಿ ಹಣ ಕೈಗೆ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆ ಇದೆ. ಕಂತು ಕಟ್ಟುವ ದಿನಗಳು ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15. ಹಣದ ಬದಲು ಬಂದ ಡಿಸ್ಕ್, ಬಟ್ಟೆಗಳ ಮೌಲ್ಯವೂ ಆದಾಯವೇ. ಬಂದದ್ದರಲ್ಲಿ ಮೂರನೆಯ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಡುವುದು ಕ್ಷೇಮ. ಪೆಟ್ರೋಲ್, ವಸತಿ, ಪ್ರವೇಶ ಶುಲ್ಕದ ರಸೀದಿಗಳನ್ನು ಫೋನಿನಲ್ಲಿ ಫೋಟೊ ತೆಗೆದಿಡಿ.

10. ಮಾತುಕತೆ, ಸಹಿ

ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಒಂದೂ ಸಿಗುವುದಿಲ್ಲ. ಮೇಲಿನವುಗಳಲ್ಲಿ ನಿಮಗೆ ಬಿಡಲಾಗದ ಮೂರನ್ನು ಆರಿಸಿಕೊಳ್ಳಿ. ಮೊದಲ ಒಪ್ಪಂದವಾದರೆ ನನ್ನ ಆಯ್ಕೆ: ತಾನಾಗಿ ಮುಂದುವರಿಯದಿರುವುದು, ಮೂರು ಡಿಸ್ಕ್‌ಗಳ ವಿನಾಯಿತಿ, ಹೆಸರಿನ ಹಕ್ಕು ಅವಧಿಗಷ್ಟೇ ಇರುವುದು. ಇವುಗಳಿಗಾಗಿ ಭತ್ಯೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಚಿಂತೆಯಿಲ್ಲ. ಫೋನಿನಲ್ಲಿ ಟೀಮ್ ಮ್ಯಾನೇಜರ್ ‘ಅದೆಲ್ಲ ನೋಡಿಕೊಳ್ಳೋಣ ಬಿಡಿ’ ಎಂದರೆ ಅಂದೇ ಸಂಜೆ ‘ತಾವು ಹೇಳಿದಂತೆ’ ಎಂದು ಶುರುಮಾಡಿ ಒಂದು ಇಮೇಲ್ ಕಳಿಸಿ, ಅದನ್ನು ಒಪ್ಪಂದಕ್ಕೂ ಸೇರಿಸಿ ಎಂದು ಕೇಳಿ. ಅವರು ಒಳ್ಳೆಯವರೇ ಇರಬಹುದು, ಆದರೆ ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಒಪ್ಪಂದಗಳನ್ನು ನೋಡಿ ಅಭ್ಯಾಸವಿರುವ ವಕೀಲರಿಗೆ ಒಂದೆರಡು ಗಂಟೆಯ ಶುಲ್ಕ ಕೊಟ್ಟು ಓದಿಸಿ. ‘ನಾಳೆಯೊಳಗೆ ಸಹಿ ಬೇಕು’ ಎಂದು ಒತ್ತಾಯ ಬಂದರೆ ಒಂದು ವಾರ ಕೇಳಿ. ನಿಜವಾಗಿಯೂ ನೀವು ಬೇಕಾದವರು ಒಂದು ವಾರ ಕಾಯುತ್ತಾರೆ.

ಸಹಿಯಾದ ಮೇಲೆ ಎರಡೂ ಕಡೆಯ ಸಹಿ ಇರುವ ಪ್ರತಿಯನ್ನು ತರಿಸಿಕೊಂಡು ಮನೆಯವರಿಗೊಂದು, ಲೆಕ್ಕಿಗರಿಗೊಂದು ಕಳಿಸಿ. ಆಮೇಲೆ ಫೋನಿನ ಕ್ಯಾಲೆಂಡರ್ ತೆರೆದು ಈ ದಿನಗಳನ್ನು ಗುರುತು ಹಾಕಿ: ರಾಯಲ್ಟಿ ವಿವರ ಬರಬೇಕಾದ ನಾಲ್ಕು ದಿನ, ತೆರಿಗೆಯ ನಾಲ್ಕು ದಿನ, ನವೀಕರಣ ಬೇಡ ಎನ್ನಲು ಕೊನೆಯ ದಿನ. ಆ ಕೊನೆಯ ದಿನಕ್ಕೆ ಮೂರು ವಾರ ಮೊದಲೇ ಒಂದು ಅಲಾರಂ ಇಡಿ, ಇನ್ನೊಂದು ಅಮ್ಮನ ಫೋನಿನಲ್ಲೂ ಇರಲಿ.